ದರ್ಜಿಯ ಐದು ವಾಕ್ಯಗಳು

ನಮ್ಮ ಯಜಮಾನರು ದರ್ಜಿ. ಯಾವ ಗಿರಾಕಿ ಮೆಟ್ಟಿಲು ಹತ್ತಿದರೂ ಆ ಕ್ಷಣವೇ ಅವರ ಬಟ್ಟೆಯನ್ನು ರಾಶಿಯಿಂದ ಎಳೆದು ಸೂಜಿಯ ಕೆಳಗಿಟ್ಟು, "ನಿಮ್ದೇ ನಡೀತಿದೆ ನೋಡಿ, ನಾಳೆ ಬನ್ನಿ" ಅನ್ನುತ್ತಾರೆ. ಪಕ್ಕದಲ್ಲೇ ಗುಂಡಿ ಹಚ್ಚುತ್ತ ಕೂರುವ ನಾನು ಇಪ್ಪತ್ತು ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ.

ಈ ವಯಸ್ಸಿನಲ್ಲಿ ಇವರಿಗೆ ಇಂಗ್ಲಿಷ್ ಕಲಿಯುವ ಹುಚ್ಚು ಹಿಡಿಯಿತು. ಸಂಜೆ ಹಿಂದಿನ ಬೀದಿಯ ಟೀಚರ ಮನೆಯಲ್ಲಿ ಪಾಠ. ಮೊನ್ನೆ ಟೀಚರು 'ಫಿನಿಶ್' ಎಂಬ ಕ್ರಿಯಾಪದ ಕೊಟ್ಟು ಐದು ವಾಕ್ಯ ಬರೆಯಲು ಹೇಳಿದರು. ಇವರು ಒಂದೇ ಉಸಿರಿಗೆ ಬರೆದರು. ಐ ಫಿನಿಶ್ಡ್ ದ ಶರ್ಟ್. ಐ ಫಿನಿಶ್ಡ್ ದ ಪ್ಯಾಂಟ್. ಹೀಗೇ ಸಾಗಿ ಐದನೆಯದು ಟೀಚರು ಹೊಲಿಯಲು ಕೊಟ್ಟಿದ್ದ ಕೋಟಿನ ಬಗ್ಗೆ, ಐ ಫಿನಿಶ್ಡ್ ಟೀಚರ್ಸ್ ಕೋಟ್. ಐದಕ್ಕೂ ಟಿಕ್ ಬಿತ್ತು, ಕೆಳಗೆ ಕೆಂಪು ಶಾಯಿಯಲ್ಲಿ 'ಗುಡ್' ಎಂದೂ ಬಿತ್ತು. ಆ ಪುಸ್ತಕವನ್ನು ಇವರು ಬೀದಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಮರುದಿನ ಬೆಳಿಗ್ಗೆ ಟೀಚರು ಖಾಲಿ ಚೀಲ ಹಿಡಿದು ಅಂಗಡಿಗೆ ಬಂದರು.

"ಕೋಟು ಕೊಡಿ ಮಾಸ್ಟ್ರೇ."

ಇವರ ಕೈ ತಾನಾಗಿ ರಾಶಿಗೆ ಹೋಯಿತು. ತೋಳೇ ಇಲ್ಲದ ಕೋಟು ಸೂಜಿಯ ಕೆಳಗೆ ಬಂದು ಕೂತಿತು.

"ನಿಮ್ದೇ ನಡೀತಿದೆ ನೋಡಿ," ಅಂದರು.

"ಮುಗೀತು ಅಂತ ನೀವೇ ಬರೆದಿದ್ರಲ್ಲ?"

"ಸರಿ ಇದೆ ಅಂತ ನೀವೇ ಟಿಕ್ ಹಾಕಿದ್ರಲ್ಲ ಟೀಚರ್."

ಟೀಚರು ಮೇಜಿನ ಮೇಲಿದ್ದ ಪುಸ್ತಕ ತೆರೆದು, ಕೆಂಪು ಪೆನ್ನು ತೆಗೆದು, ಐದನೇ ವಾಕ್ಯವನ್ನು ಹೊಡೆದುಹಾಕಿದರು. ನನಗೂ ತಡೆಯಲಾಗಲಿಲ್ಲ.

"ಪೆನ್ನು ಮುಚ್ಚಬೇಡಿ ಟೀಚರ್," ಅಂದೆ, "ಮೇಲಿನ ನಾಲ್ಕೂ ಅದೇ ರಾಶೀಲಿದೆ."