ಎಂಟು ದಿನಕ್ಕೆ ಮೂರು ಸೀರೆ

ಇಳಕಲ್ಲಿನ ನಮ್ಮ ಓಣಿಯಲ್ಲಿ ರತ್ನಾಬಾಯಿಯ ಬಾಯಿಗೆ ಹೆದರದವರಿಲ್ಲ. ಇಪ್ಪತ್ತೆಂಟಕ್ಕೆ ಗಂಡನನ್ನು ಕಳೆದುಕೊಂಡು, ಕುಣಿಮಗ್ಗದಲ್ಲಿ ಕೂತೇ ಮಗ ಹುಚ್ಚೇಶನನ್ನು ಬೆಳೆಸಿದ ಹೆಂಗಸು. ಸೀರೆಯ ಒಡಲಿಗೆ ಸೆರಗನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ. ಗೋಡೆಯಾಚೆಯ ನಾನು, ಶಾಲೆಯಲ್ಲಿ ಕಲಿಸುವ ಶೀಲಾ, ಆಕೆಯಿಂದ ಬೈಸಿಕೊಳ್ಳದ ದಿನವೇ ಇಲ್ಲ. ಬೈಸಿಕೊಂಡರೂ ಆಕೆಯ ಚಹಾ ಮಾತ್ರ ಬಿಟ್ಟವಳಲ್ಲ.

ಅಂಥ ರತ್ನಾಬಾಯಿ ಹೋದ ಡಿಸೆಂಬರಿನಲ್ಲಿ ಮೆತ್ತಗಾದಳು. ತಾಯಿ ತೀರಿಕೊಂಡ ಮೇಲೆ ತಾನೇ ಸಾಕಿದ ಮೊಮ್ಮಗಳು, ಹುಚ್ಚೇಶನ ಮಗಳು ಪ್ರೀತಿ, ನನ್ನ ಒಂಬತ್ತನೆಯ ತರಗತಿಯ ಹುಡುಗಿ, ಒಂದು ತಿಂಗಳಿಂದ ಹಾಸಿಗೆ ಬಿಟ್ಟಿರಲಿಲ್ಲ. ಮಾತಿಲ್ಲ, ಊಟವಿಲ್ಲ, ತಲೆ ಬಾಚಿಕೊಳ್ಳುವುದೂ ಇಲ್ಲ. ಓಣಿಯವರಿಗೇನು ಕೆಲಸ? ಒಬ್ಬರು ದೃಷ್ಟಿ ತಗಲಿದೆ ಎಂದರು, ಇನ್ನೊಬ್ಬರು ಶಾಲೆ ತಪ್ಪಿಸುವ ನಾಟಕ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಹುಚ್ಚೇಶನ ಬೆನ್ನು ಹತ್ತಿ, ಮೂವರನ್ನೂ ಬಾಗಲಕೋಟೆಯ ಬಸ್ಸಿಗೆ ಹತ್ತಿಸಿ ನಾನೂ ಹೊರಟೆ.

ಮನೋರೋಗದ ಡಾಕ್ಟರು ಆಫ್ರೀನ ಎಂಬ ಚಿಕ್ಕ ವಯಸ್ಸಿನವರು. ಪ್ರೀತಿ ನೆಲ ನೋಡುತ್ತ ಕೂತಳು. ಹುಚ್ಚೇಶ ತಿಂಗಳಿನ ಕಥೆಯನ್ನೆಲ್ಲ ಹೇಳಿದ. ಡಾಕ್ಟರು ಬರೆದುಕೊಂಡು ಕೇಳಿದರು.

“ಇದಕ್ಕಿಂತ ಮೊದಲ ಯಾವಾಗರ ವಿಪರೀತ ಹುರುಪು, ನಿದ್ದಿ ಬ್ಯಾಡ ಅನ್ನೂದು, ನಿಲ್ಲದ ಮಾತು ಇತ್ತೇನ್ರಿ? ಖರೆ ಹೇಳ್ರಿ. ಬರೇ ಮಂಕು ಅಂತ ತಿಳದು ಗುಳಿಗಿ ಕೊಟ್ರ ಕೆಲವು ಮಕ್ಕಳಿಗೆ ಅದು ಉಲ್ಟಾ ಆಗ್ತೈತಿ.”

“ಛೇ ಛೇ, ಇಲ್ರೀ ಮೇಡಂ. ಮೊದಲ ಬಂಗಾರದಂಥಾ ಹುಡುಗಿ. ದೀಪಾವಳಿ ಸೂಟಿಯೊಳಗ ಎಂಟು ದಿನಕ್ಕ ಮೂರು ಸೀರಿ ನೇಯ್ದಾಳ್ರಿ!”

ಹೇಳುವಾಗ ಹುಚ್ಚೇಶನ ಎದೆ ಉಬ್ಬಿತ್ತು. ಆ ಸೀರೆಗಳನ್ನು ಓಣಿಗೆಲ್ಲ ತೋರಿಸಿ ಬಂದವನು ಅವನು. ಸುಳ್ಳೇಕೆ ಹೇಳಲಿ, ನಾನೂ ತರಗತಿಯಲ್ಲಿ ಅವಳಿಗೆ ಚಪ್ಪಾಳೆ ಹೊಡೆಸಿದ್ದೆ. ನುರಿತ ನೇಕಾರರಿಗೂ ಒಂದು ಸೀರೆಗೆ ನಾಲ್ಕೈದು ದಿನ ಬೇಕೆಂಬುದು ನಮ್ಮೂರಲ್ಲಿ ಕೂಸಿಗೂ ಗೊತ್ತು. ಆದರೂ ಯಾರಿಗೂ ಹೊಳೆಯಲಿಲ್ಲ, ನೋಡಿ.

ಡಾಕ್ಟರು ಔಷಧದ ಚೀಟಿ ಬರೆಯತೊಡಗಿದರು. ರತ್ನಾಬಾಯಿ ಎದ್ದು ನಿಂತಳು.

“ಇವಗೇನ್ ಗೊತ್ರಿ, ಗೊರಕಿ ಹೊಡಕೋಂತ ಬಿದ್ದಿದ್ದ. ಆಕಿ ನನ್ನ ಮಗ್ಗಲದಾಗ ಮಲಗಾಕಿ. ಎಂಟು ದಿನ, ತಾಸರ್ಧ ತಾಸು ಮಲಗಿದ್ರ ಹೆಚ್ಚು. ಮಾತಂದ್ರ ಮಾತು! ಕಾಲಗೆಜ್ಜಿ ಬಿಚ್ಚಿ ಬಸ್‌ಸ್ಟ್ಯಾಂಡಿನಾಗ ಯಾರಿಗೋ ಕೊಟ್ಟು ಬಂದ್ಲು. ಕಳದಾವು ಅಂತ ಮನ್ಯಾಗ ಸುಳ್ಳ ಹೇಳಿದಾಕಿ ನಾನು.”

“ಅವ್ವಾ, ಸುಮ್ಮನಿರ! ಹುಡುಗಿಗೆ ನಾಳೆ ಲಗ್ನ ಆಗಬೇಕು,” ಎಂದು ಹುಚ್ಚೇಶ ಆಕೆಯ ತೋಳು ಹಿಡಿದ.

“ಸುಟ್ಟ ಬರ್ಲಿ ನಿನ್ನ ಲಗ್ನಕ್ಕ. ಮೊದಲ ಆಕಿ ನೆಟ್ಟಗಾಗ್ಲಿ.” ಆಕೆ ಮಗನ ಕೈ ಕೊಡವಿ ಡಾಕ್ಟರ ಕಡೆ ತಿರುಗಿದಳು. “ನಂದೂ ತಪ್ಪೈತ್ರಿ. ನನ್ನ ಕೈ ಮೊಮ್ಮಗಳಿಗೆ ಬಂದೈತಿ ಅಂತ ಹಿಗ್ಗಿ, ಚಹಾ ಮಾಡಿ ಮಾಡಿ ಕೊಟ್ಟೆ.”

ಡಾಕ್ಟರು ಬರೆದ ಚೀಟಿಯನ್ನು ಹರಿದರು.

“ಛಲೋ ಆತು ಹೇಳಿದ್ರಿ. ಏರೂದು, ಇಳಿಯೂದು ಎರಡೂ ಒಂದ ಬ್ಯಾನಿ ಇದ್ದಂಗೈತಿ. ಅದಕ್ಕ ಔಷಧಾನ ಬ್ಯಾರೆ. ಇನ್ನೂ ನಾಕು ಸಲ ನೋಡಿ ಗಟ್ಟಿ ಮಾಡ್ಕೋತೇನಿ.” ಆಮೇಲೆ ಪ್ರೀತಿಯ ಕಡೆ ಬಾಗಿದರು. “ಆ ಎಂಟು ದಿನ ನಿನಗ ಹ್ಯಾಂಗ ಅನಸ್ತಿತ್ತವ್ವಾ?”

ನಾವ್ಯಾರೂ ಅವಳನ್ನು ಅದನ್ನು ಕೇಳಿರಲಿಲ್ಲ. ತಿಂಗಳಿಂದ ತುಟಿ ಬಿಚ್ಚದ ಹುಡುಗಿ ಅಜ್ಜಿಯ ಮುಖ ನೋಡಿದಳು.

“ಭಾಳ ಅಂಜಿಕಿ ಆಗ್ತಿತ್ತು ಆಯಿ. ಕೈ ನಿಂದ್ರಸಾಕ ಬರ್ತಿದ್ದಿಲ್ಲ. ಆದ್ರ ನೀವೆಲ್ಲಾರೂ ಅಷ್ಟ ಖುಷಿಲೆ ಇದ್ರಿ. ಅದಕ್ಕ ಹೇಳ್ಲಿಲ್ಲ.”