ಅರೆ ಹಿಡಿದ ಮುಷ್ಟಿ

ಕಾಪುವಿನಲ್ಲಿ ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ಜಾರಿ ಬಿದ್ದಾಗ ನಾನು ಮೊದಲು ನೋಡಿದ್ದು ಕೈಯನ್ನಲ್ಲ, ಯಾರಾದರೂ ನನ್ನನ್ನು ಕಂಡರೇ ಎಂದು. ಭಾನುವಾರ ಬೆಳಿಗ್ಗೆ ಒಬ್ಬಳೇ ಹೋಗಿದ್ದೆ. ಪಾಚಿಯ ಮೇಲೆ ಕಾಲು ತಪ್ಪಿತು, ಬಲಗೈ ಊರಿದೆ, ಮೈಯ ಭಾರವೆಲ್ಲ ಅಂಗೈಯ ಬುಡಕ್ಕೆ ಬಿತ್ತು. ಸ್ವಲ್ಪ ದೂರದಲ್ಲಿ ಗಾಳ ಹಾಕಿ ಕುಳಿತಿದ್ದವರೊಬ್ಬರು ತಿರುಗಿ, "ಪೆಟ್ಟಾಯ್ತಾ ಅಕ್ಕ?" ಎಂದು ಕೂಗಿದರು.

"ಎಂತ ಇಲ್ಲ," ಎಂದೆ.

"ಎಂತ ಇಲ್ಲದೆ ಅಷ್ಟು ಜೋರು ಬೀಳ್ತಾರಾ ಮಾರಾಯ್ರೆ!" ಅವರು ನಕ್ಕು ಮತ್ತೆ ನೀರಿನ ಕಡೆ ತಿರುಗಿದರು.

ಬಸ್ಸಿನಲ್ಲಿ ಎಡಗೈಯಿಂದ ಸರಳು ಹಿಡಿದು ನಿಂತುಕೊಂಡೇ ಮಣಿಪಾಲಕ್ಕೆ ಮರಳಿದೆ.

ನನ್ನ ಕೆಲಸ ಅಲ್ಲಿಯ ಒಂದು ಪ್ರಯೋಗಾಲಯದಲ್ಲಿ. ರೋಗಿಗಳ ದೇಹದಿಂದ ತೆಗೆದ ಅಂಗಾಂಶದ ಚೂರುಗಳು ಮೇಣದಲ್ಲಿ ಹುದುಗಿ ನನ್ನ ಮೇಜಿಗೆ ಬರುತ್ತವೆ. ಆ ಮೇಣದ ತುಂಡನ್ನು ಮೈಕ್ರೋಟೋಮ್ ಎಂಬ ಯಂತ್ರಕ್ಕೆ ಸಿಕ್ಕಿಸಿ, ಬಲಗೈಯಲ್ಲಿ ಚಕ್ರ ತಿರುಗಿಸುತ್ತ, ಬೆಳಕು ಹಾಯುವಷ್ಟು ತೆಳುವಾದ ಪದರಗಳಾಗಿ ಕತ್ತರಿಸಬೇಕು. ಚಕ್ರ ಒಂದೇ ಸಮನೆ ತಿರುಗಿದರೆ ಪದರಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನಂತೆ ಇಳಿಯುತ್ತವೆ. ಈ ಕೆಲಸಕ್ಕೆ ಮಾತು ಬೇಕಾಗಿಲ್ಲ. ನಾನು ಇದನ್ನು ಆರಿಸಿಕೊಂಡದ್ದೂ ಅದಕ್ಕೇ ಇರಬೇಕು. ಕೈ ಕೆಟ್ಟರೆ ಈ ಕೆಲಸವಿಲ್ಲ, ಇದರಿಂದ ಸಿಕ್ಕಿದ ನನ್ನದೇ ಆದ ಒಂದು ಕೋಣೆಯೂ ಇಲ್ಲ.

ಮರುದಿನ ಉಡುಪಿಯ ಒಂದು ಸಣ್ಣ ಕ್ಲಿನಿಕ್ಕಿಗೆ ಹೋದೆ. ಗುರುತಿನವರು ಸಿಗಬಾರದೆಂದೇ ಮಣಿಪಾಲದಲ್ಲಿ ತೋರಿಸಲಿಲ್ಲ. ಎಕ್ಸ್-ರೇ ತೆಗೆಯುವವರು ನನ್ನ ಕೈಯನ್ನು ಹಲಗೆಯ ಮೇಲೆ ಇರಿಸಿ, "ಮುಷ್ಟಿ ಗಟ್ಟಿ ಹಿಡೀರಿ. ಇನ್ನೂ ಗಟ್ಟಿ," ಎಂದರು. ಪರದೆಯ ಆಚೆ ನಾಲ್ಕೈದು ಜನ ಕಾಯುತ್ತಿದ್ದರು. ಬಿಗಿದರೆ ಬಾಯಿಂದ ದನಿ ಹೊರಡುತ್ತದೆಂದು ನನಗೆ ಗೊತ್ತಿತ್ತು. ಬೆರಳುಗಳನ್ನು ಮಡಿಸಿದೆ, ಬಿಗಿಯಲಿಲ್ಲ.

"ಆಯ್ತಾ?"

"ಆಯ್ತು."

ಮೂಳೆಗೆ ಏನೂ ಆಗಿಲ್ಲ, ಬರೀ ಉಳುಕು ಎಂದು ವೈದ್ಯರು ಪಟ್ಟಿ ಸುತ್ತಿ ಕಳುಹಿಸಿದರು.

ಉಳುಕು ಹೋಗಲಿಲ್ಲ. ಕಾರ್ಕಳದಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಸೌಖ್ಯ ಎಂದೆ. ಬಕೆಟ್ಟನ್ನು ಎಡಗೈಯಲ್ಲಿ ಎತ್ತಿದೆ. ಬಾಟಲಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ ಮುಚ್ಚಳ ತೆರೆಯುವುದನ್ನು ಕಲಿತೆ. ಕೋಣೆಯಲ್ಲಿ ಇನ್ನೊಬ್ಬರಿದ್ದಿದ್ದರೆ ಇದನ್ನೆಲ್ಲ ಕಲಿಯಬೇಕಾಗಿರಲಿಲ್ಲ, ಅಥವಾ ಬಚ್ಚಿಡಬೇಕಾಗುತ್ತಿತ್ತು. ಹೀಗೆ ಮೂರು ತಿಂಗಳು ಹೋಯಿತು.

ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ನನ್ನ ಪದರಗಳೇ. ಒಂದು ದಪ್ಪ, ಒಂದು ತೆಳು, ಮೈಯೆಲ್ಲ ಗೆರೆ. ಪಕ್ಕದ ಯಂತ್ರದಲ್ಲಿ ಕೂರುವ ಹಿರಿಯ ಸಹೋದ್ಯೋಗಿ, ನಾನು ಅಕ್ಕ ಎಂದು ಕರೆಯುವವರು, ನನ್ನ ಪದರ ಅಂಟಿಸಿದ ಗಾಜಿನ ಸ್ಲೈಡೊಂದನ್ನು ಬೆಳಕಿಗೆ ಹಿಡಿದರು.

"ಎಂತ ಮಾರಾಯ್ತಿ, ನೀನು ಸೆಕ್ಷನ್ ಕಟ್ ಮಾಡುದಾ, ಚಕ್ಕುಲಿ ಒತ್ತುದಾ?"

"ಬ್ಲೇಡ್ ಹಳತಾಗಿದೆ ಅಕ್ಕ."

"ಬೆಳಿಗ್ಗೆ ಬ್ಲೇಡ್ ಹಾಕಿದ್ದು ನಾನೇ. ಕೈ ತೋರಿಸು ಕಾಂಬ."

ಕೈಯ ಶಸ್ತ್ರಚಿಕಿತ್ಸಕರ ಬಳಿಗೆ ಕರೆದೊಯ್ದದ್ದೂ ಅವರೇ. ವೈದ್ಯರು ಹೆಬ್ಬೆರಳಿನ ಬುಡದ ಕೆಳಗೆ ಒತ್ತಿ ಹಿಡಿದು ಕೈಯನ್ನು ಓರೆ ಮಾಡಿದರು. ಒಳಗೆ ಏನೋ ಟಕ್ಕೆಂದು ಜಾರಿತು. ಆಮೇಲೆ ಕಾಗದದ ಮೇಲೆ ಬರೆದು ತೋರಿಸಿದರು: ಮಣಿಕಟ್ಟಿನಲ್ಲಿ ಎರಡು ಸಾಲಾಗಿ ಎಂಟು ಸಣ್ಣ ಮೂಳೆಗಳು, ಒಂದು ಸಾಲಿನಲ್ಲಿ ದೋಣಿಯಂಥದ್ದೊಂದು, ಅದರ ಪಕ್ಕ ಅರ್ಧಚಂದ್ರದಂಥದ್ದು. ಅವೆರಡನ್ನೂ ಕಟ್ಟಿ ಹಿಡಿಯುವುದು ಚಿಕ್ಕದೊಂದು ಲಿಗಮೆಂಟ್. ಅದು ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ಹರಿದಿದ್ದರೆ ಎರಡು ಮೂಳೆಗಳ ನಡುವಿನ ಸಂದು ಅಗಲವಾಗುತ್ತದೆ, ಕೆಲವರಲ್ಲಿ ಅದೂ ಮುಷ್ಟಿ ಬಿಗಿದಾಗ ಮಾತ್ರ. ಆಗ ಆಚೆ ಸಾಲಿನ ಮೂಳೆ ಅವುಗಳ ನಡುವೆ ಬೆಣೆಯಂತೆ ಒತ್ತುತ್ತದೆ.

ನಾನು ತಂದಿದ್ದ ಹಳೆಯ ಎಕ್ಸ್-ರೇಯನ್ನು ಅವರು ನೋಡಿದರು. "ಇದು ಮುಷ್ಟಿಯೇ ಅಲ್ಲ. ಗಟ್ಟಿ ಹಿಡೀಲಿಕ್ಕೆ ಅವರು ಹೇಳ್ಲಿಲ್ವಾ?"

ಉಡುಪಿಯ ಎಕ್ಸ್-ರೇಯವರು ಎರಡು ಸಲ ಹೇಳಿದ್ದರು. ತಪ್ಪು ಅಲ್ಲಿಲ್ಲದ ಒಬ್ಬರ ಮೇಲೆ ಹೋಗಿ ಕುಳಿತಿತು, ನಾನು ಆಗಲೂ ಆಮೇಲೂ ಅದನ್ನು ತಿದ್ದಲಿಲ್ಲ.

ಮತ್ತೆ ಎಕ್ಸ್-ರೇ ತೆಗೆದರು. ಈ ಸಲ ಬಿಗಿದೆ. ಹೊರಟ ದನಿಗೆ ಬಾಗಿಲಾಚೆಯ ಮಾತುಗಳೆಲ್ಲ ನಿಂತವು. ಚಿತ್ರದಲ್ಲಿ ಎರಡು ಮೂಳೆಗಳ ನಡುವೆ, ಹಲ್ಲು ಬಿದ್ದ ಜಾಗದಂತೆ, ಕಪ್ಪು ಸಂದು. ಎಂಆರ್‌ಐ ಯಂತ್ರದೊಳಗೆ ಕೈ ಮುಂದಕ್ಕೆ ಚಾಚಿ ಅಲುಗಾಡದೆ ಮಲಗಿದೆ. ಅಲುಗಾಡದಿರುವುದು ನನಗೆ ಚೆನ್ನಾಗಿ ಬರುತ್ತದೆ. ಲಿಗಮೆಂಟ್ ಪೂರ್ತಿ ಹರಿದಿತ್ತು.

"ಬಿದ್ದ ಕೆಲವು ವಾರದೊಳಗೆ ಬಂದಿದ್ರೆ ಅದನ್ನೇ ಹೊಲೀಬಹುದಿತ್ತು," ಎಂದರು ವೈದ್ಯರು. "ಈಗ ತುದಿಗಳು ಮುದುಡಿವೆ. ಮುಂಗೈಯಿಂದ ಸ್ನಾಯುರಜ್ಜು ತೆಗೆದು ಮೂಳೆಗಳನ್ನು ಕಟ್ಟಬೇಕು. ಹಾಗೇ ಬಿಟ್ರೆ ಕೀಲು ಸವೀತಾ ಹೋಗ್ತದೆ."

"ಚಕ್ರ ತಿರುಗಿಸಬಹುದಾ?"

"ತಿರುಗಿಸಬಹುದು. ಕೈ ಮೊದಲಿನಷ್ಟು ಬಗ್ಗುದಿಲ್ಲ. ಹಿಡಿತ ಎಷ್ಟು ಬರ್ತದೆ ಅಂತ ಈಗ ಹೇಳ್ಲಿಕ್ಕಾಗುದಿಲ್ಲ."

ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯಲ್ಲಿ ಜೊತೆಗೊಬ್ಬರು ಬೇಕೆಂದಾಗ ಅಮ್ಮನಿಗೆ ಹೇಳಲೇಬೇಕಾಯಿತು. ಹಿರಿಯಡ್ಕದ ದಾರಿಯಾಗಿ ಬರುವ ಮೊದಲ ಬಸ್ಸಿಗೇ ಬಂದಳು. ಮಂಚದ ಅಂಚಿಗೆ ಕೂರಿಸಿ ನನ್ನ ತಲೆ ಬಾಚಿದಳು.

"ಮೂರು ತಿಂಗಳು ಫೋನಲ್ಲಿ ಸೌಖ್ಯ ಸೌಖ್ಯ ಅಂದದ್ದು ಯಾರು? ನಿನ್ನ ಅಜ್ಜಿಯಾ?"

ಜಡೆಯನ್ನು ಬೇಕಾದ್ದಕ್ಕಿಂತ ಜೋರಾಗಿಯೇ ಎಳೆದಳು.

ಶಸ್ತ್ರಚಿಕಿತ್ಸೆಯಲ್ಲಿ ಮೂಳೆಗಳನ್ನು ಹಿಡಿದಿಡಲು ಹಾಕಿದ್ದ ತಂತಿಗಳನ್ನು ತೆಗೆಸಿ, ತಿಂಗಳುಗಟ್ಟಲೆ ವ್ಯಾಯಾಮ ಮಾಡಿದ ಮೇಲೆ ಕೆಲಸಕ್ಕೆ ಮರಳಿದ್ದೇನೆ. ಚಕ್ರ ತಿರುಗುತ್ತದೆ. ನಿಧಾನವಾಗಿ ತಿರುಗಿಸಿದರೆ ಪದರಗಳು ಸಮನಾಗಿಯೇ ಬರುತ್ತವೆ. ಆಗದಿರುವುದು ಒಂದೇ, ಮೇಣದ ತುಂಡನ್ನು ಯಂತ್ರಕ್ಕೆ ಕಚ್ಚಿಸುವ ತಿರುಪು. ಅದಕ್ಕೆ ಬೇಕಾದ ಬಲ ಬಲಗೈಗೆ ಬಂದಿಲ್ಲ, ಎಡಗೈಗೆ ಆ ಬದಿ ಎಟಕುವುದಿಲ್ಲ. ಹಾಗಾಗಿ ಪ್ರತಿ ತುಂಡಿಗೂ ಒಬ್ಬರನ್ನು ಕರೆಯಬೇಕು. ಅಕ್ಕ ರಜೆಯಲ್ಲಿದ್ದ ದಿನ ಆಚೆಯ ಕೋಣೆಯವರನ್ನು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿರುತ್ತೇನೆ, ಯಾರಾದರೂ ತಾವಾಗಿಯೇ ಈ ಕಡೆ ನೋಡಬಹುದೆಂದು. ಹೆಚ್ಚಿನ ಸಲ ಯಾರೂ ನೋಡುವುದಿಲ್ಲ. ಆಮೇಲೆ ಕರೆಯುತ್ತೇನೆ.