ಹಲಗೇರಿ ಗೆಳತಿಯ ಪಕ್ಕದ ಸ್ಟೂಲು

ರಾಣೆಬೆನ್ನೂರಿನಲ್ಲಿ ನಮಗೆ ಪ್ರೋಗ್ರಾಮಿಂಗ್ ಕಲಿಸಿದ ಮಾಸ್ತರರ ಬೆರಳಿಗೆ ಸದಾ ಚಾಕ್‌ಪೀಸಿನ ಪುಡಿ ಮೆತ್ತಿರುತ್ತಿತ್ತು. ನಾವು ಬರೆದ ಪ್ರೋಗ್ರಾಂ ಸರಿಯಾಗಿ ಓಡಿದರೂ ಅವರು ಹಿಗ್ಗುತ್ತಿರಲಿಲ್ಲ. ಪರದೆಯ ಮೇಲೆ ಆ ಬಿಳಿ ಬೆರಳೂರಿ, “ಓಡತೈತಿ, ಖರೇ. ಆದ್ರ ನಾಳೆ ಇದನ್ನ ಬ್ಯಾರೆಯವ್ರು ಓದಬೇಕಲ್ಲ?” ಎನ್ನುತ್ತಿದ್ದರು. ಮರುದಿನ ಒಬ್ಬರ ಪ್ರೋಗ್ರಾಂ ತಿದ್ದಲು ಇನ್ನೊಬ್ಬರಿಗೆ ಕೊಡುತ್ತಿದ್ದರು.

ಒಮ್ಮೆ, ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ತೂಕ ಕೂಡಿಸುವ ನನ್ನ ಪ್ರೋಗ್ರಾಂ ಹಲಗೇರಿಯ ಗೆಳತಿಯ ಪಾಲಿಗೆ ಬಂತು. ಅವಸರದಲ್ಲಿ ನಾನು ಎಲ್ಲ ತೂಕಗಳಿಗೂ ಎ, ಬಿ, ಸಿ ಎಂದೇ ಹೆಸರಿಟ್ಟಿದ್ದೆ. ತಾಸುಗಟ್ಟಲೆ ತಿಣುಕಿ ಕೊನೆಗೆ ಅವಳಿಗೆ ಅಳುವೇ ಬಂತು. ಮಾಸ್ತರರು ನನ್ನನ್ನು ಬೈಯಲಿಲ್ಲ. ಅವಳ ಪಕ್ಕಕ್ಕೆ ಒಂದು ಸ್ಟೂಲು ಎಳೆದು ಹಾಕಿ, “ಕುಂದ್ರವಾ. ಬಿ ಅಂದ್ರ ತುಂಬಿದ ಚೀಲದ ತೂಕೋ, ಖಾಲಿ ಚೀಲದ್ದೋ? ನೀನ ಹೇಳು ಆಕಿಗೆ,” ಎಂದರು.

ನನಗೂ ನೆನಪಿರಲಿಲ್ಲ.

ಅವರು ಕಲಿಸಿದ ಆ ಕಂಪ್ಯೂಟರ್ ಭಾಷೆಯನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಪ್ರೋಗ್ರಾಂಗಳಲ್ಲಿ ನಾನಿಡುವ ಹೆಸರುಗಳು ಮಾರುದ್ದ ಎಂದು ಈಗ ಜೊತೆಗೆ ಕೆಲಸ ಮಾಡುವವರು ನಗುತ್ತಾರೆ. ನಗಲಿ. ಪ್ರತಿ ಹೆಸರು ಬರೆಯುವಾಗಲೂ ನಾನು ಗೆಳತಿಯ ಪಕ್ಕದ ಆ ಸ್ಟೂಲಿನ ಮೇಲೇ ಕೂತಿರುತ್ತೇನೆ. ಏಳು ಎಂದು ಮಾಸ್ತರರು ಇನ್ನೂ ಹೇಳಿಲ್ಲ. ಅದು ನನ್ನ ಪುಣ್ಯ.